ಮಂಗಳವಾರದಿಂದ

"ಇನ್ನೊಂದ್ ಮೊಳ ಬಿಡ್ಲಾ, ಎಟುಕ್ತಿಲ್ಲ," ಎಂದು ಕುಮಾರೇಶನ ಸೋದರಮಾವ ಗೋಪಾಲಪ್ಪ ಕಿಟಕಿಯ ಸರಳುಗಳ ನಡುವೆ ಕೈ ಚಾಚಿ ವೈರನ್ನು ಒಳಕ್ಕೆ ಎಳೆದುಕೊಂಡ. ಅಂಗಳದಲ್ಲಿದ್ದ ಐಸ್ ಪೆಟ್ಟಿಗೆಯ ಮೋಟಾರು ಒಮ್ಮೆ ಕೆಮ್ಮಿ ಗುಂಯ್ ಎನ್ನತೊಡಗಿತು. ಗಾಜಿಗೆ ಆವಿ ಕಟ್ಟಿಕೊಂಡು ಒಳಗೆ ಮಲಗಿದ್ದ ಕುಮಾರೇಶನ ಮುಖ ಮರೆಯಾಯಿತು. ಅವನ ಹೆಂಡತಿ ಚಂದ್ರಲೇಖಾ ಸೆರಗಿನಿಂದ ಗಾಜನ್ನು ಒರೆಸಿದಳು. ಆವಿ ಒಳಗಿತ್ತು, ಹೊರಗಲ್ಲ. ಅದು ಗೊತ್ತಾದ ಮೇಲೂ ಒರೆಸಿದಳು.

ಕೆಲಮಂಗಲದಿಂದ ಒಳಗೆ ಬಂದರೆ ಸಿಗುವ ಊರು. ಅವರೆ ಹೊಲದ ಮೇಲಿನ ಮಂಜು ಇನ್ನೂ ಎದ್ದಿರಲಿಲ್ಲ. ಬಂದವರು ಹಾರ ಇಟ್ಟು, ಪೆಟ್ಟಿಗೆಯನ್ನು ಒಂದು ಸುತ್ತು ಬಂದು, ಕುಮಾರೇಶನ ತಾಯಿ ಹನುಮಕ್ಕನ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂರುತ್ತಿದ್ದರು. ಕೂತ ಮೇಲೆ ಎಲ್ಲರದ್ದೂ ಒಂದೇ ಮಾತು.

"ಯಾವಾಗ್ನಿಂದಕ್ಕಾ?"

"ಮಂಗಳವಾರದಿಂದ. ಇದ್ದಕ್ಕಿದ್ದಂಗೆ."

ತೆಲುಗಿನವರು "ಎಪ್ಪುಟ್ನುಂಚಿ ಅಕ್ಕಾ?" ಎಂದರೆ ಹನುಮಕ್ಕ "ಮಂಗಳವಾರಮ್ನುಂಚಿ" ಎನ್ನುತ್ತಿದ್ದಳು. ತಮಿಳಿನವರು "ಎಪ್ಪೋಲೇರ್ಂದು?" ಎಂದರೆ "ಸೆವ್ವಾಕೆಳಮೈಲೇರ್ಂದು." ಮೂರು ಭಾಷೆಯಲ್ಲೂ ಅವಳ ದನಿ ಒಂದೇ ಆಗಿತ್ತು. ಹೇಳಿ ಮುಗಿಸಿ ಪ್ರತಿ ಸಲವೂ ಸೊಸೆಯ ಕಡೆ ನೋಡದೆ ಸೆರಗನ್ನು ಬಾಯಿಗೆ ಒತ್ತಿಕೊಳ್ಳುತ್ತಿದ್ದಳು.

ಚಂದ್ರಲೇಖಾ ಕಂಬಕ್ಕೆ ಒರಗಿ ಕೂತಿದ್ದಳು. ಎಂಜಿನ್ನುಗಳಿಗೆ ಪಿಸ್ಟನ್ ಪಿನ್ ಮಾಡುವ ಹೊಸೂರಿನ ಒಂದು ಕಾರ್ಖಾನೆಯಲ್ಲಿ ಅವಳಿಗೆ ಕೆಲಸ. ಪಿನ್ನಿನ ಅಳತೆ ಯಾವಾಗಿನಿಂದ ಹಾದಿ ಬಿಟ್ಟಿತು ಎಂದು ಕಂಡುಹಿಡಿಯುವುದು ಅವಳ ಕೆಲಸ. ಅದಕ್ಕೇ ಸಂಬಳ.

ಡೆಂಕಣಿಕೋಟೆಯಿಂದ ಕುಮಾರೇಶನ ಸೋದರತ್ತೆ ಆದಿಲಕ್ಷ್ಮಮ್ಮ ಬಂದಳು. ಆಟೋದಿಂದ ಇಳಿಯುವಾಗಲೇ ಎದೆ ಬಡಿದುಕೊಳ್ಳುತ್ತ ಬಂದು, ಪೆಟ್ಟಿಗೆಯ ಗಾಜಿಗೆ ಹಣೆ ಒತ್ತಿ ಅತ್ತು, ಮೂಗು ಒರೆಸಿಕೊಂಡು ಕೂತಳು.

"ಯಾವಾಗ್ನಿಂದ್ಲೇ ಹನುಮಿ?"

"ಮಂಗಳವಾರದಿಂದ."

"ಮಂಗಳವಾರ ಶುರುವಾಗಿ ಗುರುವಾರ ಹೋಗ್ಬುಡಾಕೆ ಅದೇನು ಹಾವು ಕಚ್ಚಿತ್ತಾ?"

"ಸಕ್ಕರೆ ಕಾಯಿಲೆ ಅಂತೆ. ಮೈಯೆಲ್ಲ ಏರ್ಬುಟ್ಟಿತ್ತಂತೆ."

"ಸಕ್ಕರೆ ಅನ್ನೋದು ನೆಂಟ್ರು ಬಂದಂಗೆ ಒಂದಿನಕ್ಕೆ ಬತ್ತದಾ? ನಮ್ಮೆಜಮಾನ್ರು ಅದನ್ನ ಇಟ್ಕೊಂಡೇ ಮಕ್ಕಳ ಮದ್ವೆ ಮಾಡಿದ್ರು." ಆದಿಲಕ್ಷ್ಮಮ್ಮ ದನಿ ತಗ್ಗಿಸಿದಳು. ತಗ್ಗಿಸಿದ ದನಿಯೂ ಶಾಮಿಯಾನದ ಆಚೆಗೆ ಕೇಳಿಸುವಂಥದ್ದು. "ಅವಳು ಪಕ್ಕದಾಗೇ ಮಲಗಿದ್ಲಲ್ಲ. ಎಂಎಸ್ಸಿ ಓದವ್ಳೆ. ಮಿಷಿನ್ನಿಗೆ ಜ್ವರ ಬರಾಕ್ ಮುಂಚೇನೇ ನನ್ ಹೆಂಡ್ತಿ ಹೇಳ್ತಾಳೆ ಅಂತ ಇವ್ನು ಮದ್ವೆ ಮನೇಲಿ ಕುಣೀತಿದ್ದ. ನೋಡು, ಕಣ್ಣಾಗ್ ಒಂದ್ ಹನಿ ಐತಾ?"

"ಸುಮ್ನಿರು ಅತ್ತಿಗೆ. ಯಾರಿಗೂ ಗೊತ್ತಾಗ್ಲಿಲ್ಲ. ನಂಗೂ ಗೊತ್ತಾಗ್ಲಿಲ್ಲ."

ಚಂದ್ರಲೇಖಾ ಕಾಲುಬೆರಳುಗಳನ್ನು ಸೀರೆಯೊಳಕ್ಕೆ ಎಳೆದುಕೊಂಡಳು.

*

ತುಮಕೂರಿನ ಕಡೆಯಿಂದ ಬಂದು ಕೆಲಸಕ್ಕೆ ಸೇರಿದ ಮೊದಲ ವಾರ ಅವಳಿಗೆ ಹೊಸೂರಿನಲ್ಲಿ ಯಾರೂ ಗೊತ್ತಿರಲಿಲ್ಲ. ಕಾರ್ಖಾನೆಯ ಬಸ್ಸಿನಲ್ಲಿ ಡ್ರೈವರನ ಹಿಂದಿನ ಸೀಟೇ ಸುರಕ್ಷಿತ ಎನಿಸಿ ಅಲ್ಲಿ ಕೂರುತ್ತಿದ್ದಳು. ಡ್ರೈವರ್ ಕುಮಾರೇಶ್ ಕನ್ನಡಿಯಲ್ಲಿ ನೋಡಿ ಕೇಳಿದ್ದ.

"ಏನ್ ಮೇಡಂ ನಿಮ್ಮ ಕೆಲ್ಸ? ತಪ್ಪು ಪಿನ್ನು ಆಯ್ದು ಬಿಸಾಕೋದಾ?"

"ಅದು ಬೇರೆಯವರದ್ದು. ತಪ್ಪು ಪಿನ್ನು ಬರೋಕೆ ಮುಂಚೆ ಹೇಳೋದು ನನ್ನ ಕೆಲಸ."

"ಜ್ಯೋತಿಷ್ಯನಾ?"

ಅವಳು ನಕ್ಕಿದ್ದಳು. "ಒಂದೊಂದೇ ಪಿನ್ನು ತಗೊಂಡ್ರೆ ಎಲ್ಲ ಸರಿಯಾಗೇ ಇರುತ್ತೆ. ಆದ್ರೆ ಒಂದು ಕೂದಲೆಳೆ ದಪ್ಪ, ಮುಂದಿಂದೂ ಒಂದೆಳೆ ದಪ್ಪ, ಹೀಗೆ ಒಂದೇ ಕಡೆಗೆ ವಾಲ್ತಾ ಇರುತ್ತೆ. ವಾಲಿದ್ದನ್ನ ಒಂದರ ಮೇಲೊಂದು ಕೂಡ್ತಾ ಹೋಗ್ತೀವಿ. ಸುಮ್ನೆ ಆ ಕಡೆ ಈ ಕಡೆ ಆಗಿದ್ರೆ ಕೂಡಿದ್ದು ಕಳೆದುಹೋಗುತ್ತೆ. ನಿಜವಾಗ್ಲೂ ಏನೋ ಬದಲಾಗಿದ್ರೆ ಮೊತ್ತ ಏರ್ತಾನೇ ಇರುತ್ತೆ. ಕೆಂಪು ಗೆರೆ ದಾಟಿದ ತಕ್ಷಣ ಗಂಟೆ ಬಾರಿಸುತ್ತೆ."

"ಸ್ಟೇರಿಂಗು ಎಡಕ್ಕೆ ಎಳೆದಂಗೆ," ಎಂದಿದ್ದ ಕುಮಾರೇಶ್. "ಒಂದ್ ಸಲ ಎಳೆದ್ರೆ ರೋಡು ಸರಿ ಇಲ್ಲ. ದಿನಾ ಎಳೆದ್ರೆ ವೀಲು ಸರಿ ಇಲ್ಲ."

ಅವನು ತಡವಾಗಿ ಬರುವವರಿಗಾಗಿ ಬಸ್ಸು ನಿಲ್ಲಿಸುತ್ತಿದ್ದ. ಅವಲಪಲ್ಲಿ ತಿರುವಿನಲ್ಲಿ ಯಾರಾದರೂ ಚಪ್ಪಲಿ ಕೈಯಲ್ಲಿ ಹಿಡಿದು ಓಡಿಬರುತ್ತಿದ್ದರೆ ಎಂಜಿನ್ನನ್ನು ಸುಮ್ಮನೆ ಗುರುಗುಟ್ಟಿಸುತ್ತ, "ಬರ್ಲಿ ಬಿಡ್ರಪ್ಪ, ನಾವೇನ್ ರೈಲಾ?" ಎನ್ನುತ್ತಿದ್ದ. ಮೂರನೆಯ ವರ್ಷ ಅವನನ್ನೇ ಮದುವೆಯಾಗುತ್ತೇನೆ ಎಂದಾಗ ಅವಳ ತಂದೆ, ಹುಡುಗ ಡ್ರೈವರ್ ಎಂದು ತಿಂಗಳುಗಟ್ಟಲೆ ಮಾತು ಬಿಟ್ಟರು, ಆಮೇಲೆ ಮದುವೆಗೆ ಬಂದರು. ಗಂಡ ಹೆಂಡತಿ ಅವಲಪಲ್ಲಿಯಲ್ಲೇ ಬಾಡಿಗೆಗೆ ಮನೆ ಮಾಡಿದರು. ಸಂಜೆ ಬಸ್ಸಿನ ಕೀಲಿಯನ್ನು ಮೊಳೆಗೆ ತಗುಲಿಸುತ್ತ ಅವನು ಕೇಳುತ್ತಿದ್ದ: "ಇವತ್ತು ಬಾರಿಸ್ತಾ ನಿನ್ ಗಂಟೆ?"

ಒಂದು ದಿನ ಗಂಟೆ ಬಾರಿಸದೆ ಹೋಯಿತು. ಒಂದು ಲಾಟು ಪಿನ್ನು ಪೂರ್ತಿ ದಪ್ಪವಾಗಿ ಹೊರಬಿತ್ತು. ಅವಳು ಹುಡುಕುತ್ತ ಹೋದಾಗ ಕಂಡದ್ದು ಇಷ್ಟು: ಗ್ರೈಂಡಿಂಗ್ ಮಿಷಿನ್ನಿನ ಮುನಿಕೃಷ್ಣ ಅಳತೆಯ ಗೇಜನ್ನು ಸರಿಯಳತೆಯ ಮಾಸ್ಟರ್ ಪಿನ್ನಿಟ್ಟು ಸೊನ್ನೆಗೆ ಹೊಂದಿಸುತ್ತಿರಲಿಲ್ಲ. ಮಾಸ್ಟರ್ ಪಿನ್ನು ಬೀರುವಿನಲ್ಲಿರುತ್ತಿತ್ತು, ಬೀರುವಿನ ಕೀಲಿ ಇನ್ನೊಬ್ಬರ ಹತ್ತಿರ. ಹಾಗಾಗಿ ಹಿಂದಿನ ದಿನದ ಒಂದು ಒಳ್ಳೆಯ ಪಿನ್ನನ್ನೇ ಇಟ್ಟು ಸೊನ್ನೆ ಮಾಡಿಕೊಳ್ಳುತ್ತಿದ್ದ. ಉಜ್ಜುವ ಕಲ್ಲು ಸವೆದಂತೆ ಪಿನ್ನು ದಪ್ಪವಾಗುತ್ತಿತ್ತು, ದಪ್ಪವಾದ ಪಿನ್ನೇ ಮಾರನೆಯ ದಿನದ ಸೊನ್ನೆಯಾಗುತ್ತಿತ್ತು. ದಿನವೂ ಮುಳ್ಳು ಸೊನ್ನೆಯ ಹತ್ತಿರವೇ ಆಡುತ್ತಿತ್ತು.

ಇಡೀ ಸಾಲಿನ ಎದುರು ಅವಳು ಹೇಳಿದ್ದಳು: "ನಿನ್ನೆಯದನ್ನೇ ಸರಿ ಅಂತ ಹಿಡಿದರೆ ಇವತ್ತಿನದು ಯಾವತ್ತೂ ತಪ್ಪಾಗಿ ಕಾಣೋದಿಲ್ಲ ಮುನಿಕೃಷ್ಣ. ಇಷ್ಟು ದಿನ ಅದೇ ಪಿನ್ನನ್ನ ಕೈಯಲ್ಲಿ ಹಿಡ್ಕೊಂಡಿದ್ದೀರಲ್ಲ, ಕೈಗಾದ್ರೂ ಗೊತ್ತಾಗಬಾರದಾ?"

ಮನೆಗೆ ಬಂದ ಮೇಲೆ ಕುಮಾರೇಶ್ ಹೇಳಿದ್ದ. "ಮುನಿ ಬಸ್ಸಲ್ಲಿ ಕಿಟಕಿ ಕಡೆ ಮುಖ ಮಾಡ್ಕೊಂಡೇ ಇದ್ದ ಕಣೆ. ಅಷ್ಟು ಜನದ ಮುಂದೆ ಅನ್ಬಾರದಿತ್ತು ನೀನು."

"ತಪ್ಪು ತಪ್ಪೇ ಅಲ್ವಾ?"

"ತಪ್ಪೇ. ಆದ್ರೆ ನಿಧಾನಕ್ಕೆ ಆಗೋದು ಕೈಗೆ ಗೊತ್ತಾಗಲ್ಲ. ದಿನಾ ಮುಟ್ಟೋ ಕೈಗಂತೂ ಗೊತ್ತಾಗೋದೇ ಇಲ್ಲ."

ಅವಳು ಅನ್ನಕ್ಕೆ ಅಕ್ಕಿ ತೊಳೆಯುತ್ತಿದ್ದಳು. ನೀರು ಬಗ್ಗಿಸಿ ಪಾತ್ರೆಯನ್ನು ಒಲೆಯ ಮೇಲಿಟ್ಟಳು.

*

ಹನ್ನೊಂದು ಗಂಟೆಯ ಹೊತ್ತಿಗೆ ಕಾರ್ಖಾನೆಯ ಬಸ್ಸು ಬಂತು. ಬೇರೆ ಯಾರೋ ಓಡಿಸಿಕೊಂಡು ಬಂದಿದ್ದರು. ಓಣಿಯ ಬಾಯಲ್ಲಿ ತಿರುಗಿಸಲಾಗದೆ ಹಿಂದೆ ಮುಂದೆ ಮಾಡಿ ಕೊನೆಗೆ ಹೊಲದ ಬದುವಿನ ಪಕ್ಕ ನಿಲ್ಲಿಸಿದರು. "ಅಣ್ಣ ಆಗಿದ್ರೆ ಒಂದೇ ಸಲಕ್ಕೆ ತಿರುಗಿಸ್ತಿದ್ದ," ಎಂದು ಇಳಿಯುತ್ತ ಯಾರೋ ಅಂದರು.

ಮುನಿಕೃಷ್ಣ ದೊಡ್ಡ ಹಾರ ಹಿಡಿದುಕೊಂಡು ಮುಂದೆ ಬಂದ. ಪೆಟ್ಟಿಗೆಯ ಮೇಲಿಟ್ಟು, ಚಂದ್ರಲೇಖಾಳ ಎದುರು ನಿಂತು ಕೈ ಮುಗಿದ. "ಮೇಡಂ," ಎಂದ. ಹೋಗಿ ನೀರಿನ ಡ್ರಮ್ಮಿನ ಹತ್ತಿರ ನಿಂತು ಬಂದವರಿಗೆ ನೀರು ಕೊಡತೊಡಗಿದ.

ಪ್ಯಾಕಿಂಗ್ ವಿಭಾಗದ ಪವಿತ್ರ ಹನುಮಕ್ಕನ ಪಕ್ಕದಲ್ಲಿ ಕೂತಳು. "ಯಾವಾಗಿಂದ ಅಮ್ಮಾ?"

"ಮಂಗಳವಾರದಿಂದ, ಮಗಾ."

"ಮಂಗಳವಾರನಾ?" ಪವಿತ್ರ ಪಕ್ಕದವಳ ಮುಖ ನೋಡಿದಳು. "ನಾವು ಬೇರೆ ಏನೋ..."

"ಏನು ಬೇರೆ?" ಆದಿಲಕ್ಷ್ಮಮ್ಮ ಕೊರಳು ಮುಂದೆ ಚಾಚಿದಳು.

"ಏನಿಲ್ಲಮ್ಮ. ಅಣ್ಣ ದಾರೀಲಿ ಬಸ್ಸು ನಿಲ್ಲಿಸ್ತಿದ್ರು. ಮೊದ್ಲು ಯಾವಾಗ್ಲೋ ಒಂದ್ ಸಲ. ಆಮೇಲೆ ದಿನಾ. ಇಳಿದು ಬೇಲಿ ಮರೆಗೆ ಹೋಗ್ಬಿಟ್ಟು ಬರ್ತಿದ್ರು. ನಾವೆಲ್ಲ 'ರೇಡಿಯೇಟರ್ ಲೀಕು' ಅಂತ ನಗಾಡ್ತಿದ್ವಿ. ಅಣ್ಣಾನೂ ನಗ್ತಿದ್ರು. ಬಾಟ್ಲು ಎತ್ತಿ ಗಟಗಟ ಕುಡಿದು, 'ಲೀಕ್ ಆದ್ರೆ ತುಂಬ್ಸಲೇಬೇಕಲ್ಲಮ್ಮ' ಅಂತಿದ್ರು."

ಯಾರೂ ನಗಲಿಲ್ಲ. ಪವಿತ್ರ ಬಳೆಗಳನ್ನು ಸರಿಸಿಕೊಂಡಳು.

ಕುಮಾರೇಶನ ತಂಗಿ ನಾಗವೇಣಿ ಗೋಡೆಯ ಕಡೆ ನೋಡುತ್ತ ಹೇಳಿದಳು. "ವರಮಹಾಲಕ್ಷ್ಮಿ ಹಬ್ಬಕ್ಕೆ ನಮ್ಮನೆಗೆ ಬಂದಿದ್ದ. ಒಂದ್ ಚೊಂಬು ನೀರು ನಿಂತ್ಕೊಂಡೇ ಕುಡ್ದ. ಇನ್ನೊಂದ್ ಚೊಂಬು ಕೇಳ್ದ. ಬಿಸ್ಲು ಅಂದ್ಕೊಂಡೆ. ಅವತ್ತು ಬಿಸ್ಲೇ ಇರ್ಲಿಲ್ಲ."

"ನಮ್ಮ ಮೊಮ್ಮಗನ ನಾಮಕರಣದಲ್ಲಿ ನೋಡ್ದೆ ನಾನು," ಎಂದಳು ಆದಿಲಕ್ಷ್ಮಮ್ಮ. "ಕೆನ್ನೆ ಒಳಕ್ ಹೋಗಿತ್ತು. ಕುಡಿಯಾಕ್ ಕಲ್ತವ್ನೆ ಅಂದ್ಕೊಂಡೆ."

"ಯಾರ ಹತ್ರ ಅಂದೆ ಅತ್ತಿಗೆ?" ಎಂದು ಹನುಮಕ್ಕ ಕೇಳಿದಳು.

"ಯಾರ ಹತ್ರ ಅನ್ನಾಕಾಯ್ತದೆ. ಹಿಂಗೇ, ಮನೇರ ಹತ್ರ."

"ಅವನ್ನೇ ಒಂದ್ ಮಾತು ಕೇಳ್ಲಿಲ್ವಾ?"

ಆದಿಲಕ್ಷ್ಮಮ್ಮ ಎಲೆ ಅಡಿಕೆಯ ಚೀಲಕ್ಕೆ ಕೈ ಹಾಕಿ, ಸಾವಿನ ಮನೆ ಎಂಬುದು ನೆನಪಾಗಿ ಕೈ ಹಿಂದಕ್ಕೆ ತೆಗೆದಳು. ಕೂತವರು ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಒಬ್ಬೊಬ್ಬರಿಗೂ ಒಂದಿಷ್ಟು ಗೊತ್ತಿತ್ತು. ಆ ಒಂದಿಷ್ಟಕ್ಕೆ ಒಂದೊಂದು ಕಾರಣವೂ ಇತ್ತು.

ಚಂದ್ರಲೇಖಾಳ ತಲೆಯೊಳಗೆ ಅವರ ಮಾತುಗಳು ಒಂದೊಂದೇ ಚುಕ್ಕೆಯಾಗಿ ಬಿದ್ದವು. ನಾಮಕರಣ, ಹಬ್ಬ, ಬೇಲಿ ಮರೆ. ಎಲ್ಲವೂ ಗೆರೆಯ ಒಂದೇ ಬದಿಗೆ. ಗಂಡನ ಹೆಣದ ಮುಂದೆ ಕೂತು ತಾನು ಕೂಡುತ್ತಿದ್ದೇನೆ ಎಂಬುದು ಅವಳಿಗೆ ತಿಳಿಯಿತು. ನಿಲ್ಲಿಸಲು ಆಗಲಿಲ್ಲ.

*

"ಬಾ ಒಳಕ್ಕೆ," ಎಂದು ಹನುಮಕ್ಕ ಅವಳನ್ನು ಅಡುಗೆಮನೆಗೆ ಕರೆದುಕೊಂಡು ಹೋದಳು. ಹೆಣ ಎತ್ತುವವರೆಗೆ ಮನೆಯಲ್ಲಿ ಒಲೆ ಹಚ್ಚುವಂತಿರಲಿಲ್ಲ. ಪಕ್ಕದ ಮನೆಯವರು ಫ್ಲಾಸ್ಕಿನಲ್ಲಿ ಕಾಫಿ ತಂದಿಟ್ಟಿದ್ದರು. ಹನುಮಕ್ಕ ಲೋಟಕ್ಕೆ ಬಗ್ಗಿಸಿ ಸೊಸೆಯ ಕೈಗೆ ಕೊಟ್ಟಳು.

"ಕುಡಿ. ನೆನ್ನೆಯಿಂದ ಏನೂ ಇಲ್ಲ ನಿನ್ ಹೊಟ್ಟೇಲಿ."

"ಬೇಡ ಅತ್ತೆ."

"ಕುಡಿ ಅಂದ್ರೆ ಕುಡಿ. ಬಿದ್ ಗಿದ್ದೀಯ, ಅದಕ್ಕೂ ಒಂದ್ ಮಾತು ಆಡ್ತಾರೆ."

ಕಾಫಿ ತುಂಬ ಸಿಹಿಯಾಗಿತ್ತು. ಚಂದ್ರಲೇಖಾ ಗುಟುಕನ್ನು ನಾಲಗೆಯ ಮೇಲೇ ಇಟ್ಟುಕೊಂಡಳು. ಮಂಗಳವಾರ ಅವನು ವಾಂತಿ ಮಾಡಿಕೊಂಡು ಸುಸ್ತಾಗಿ ಮಲಗಿದಾಗ ಅವಳು ಗ್ಲೂಕೋಸ್ ಪುಡಿಯನ್ನು ನೀರಿಗೆ ಕಲಸಿ, ನಿಂಬೆ ಹಿಂಡಿ ಕುಡಿಸಿದ್ದಳು. ಸಂಜೆ ಮತ್ತೆ ಕುಡಿಸಿದ್ದಳು. ಅವನು ಚೆನ್ನಾಗಿದೆ ಎಂದು ಇನ್ನೊಂದು ಲೋಟ ಕೇಳಿದ್ದ.

ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದ್ದರು: "ಯಾವಾಗಿಂದ ಹೀಗೆ?"

"ಮಂಗಳವಾರದಿಂದ," ಎಂದಿದ್ದಳು ಚಂದ್ರಲೇಖಾ.

"ತೂಕ ಇಳಿದಿತ್ತಾ?"

"ಹಾಗೇನಿಲ್ಲ."

"ಮನೇಲಿ ಏನು ಕೊಟ್ರಿ?"

"ನೀರು."

ಹನುಮಕ್ಕ ಆಗ ಅವಳ ಹಿಂದೆಯೇ ನಿಂತಿದ್ದಳು. ಮಂಗಳವಾರ ಎಂಬ ಮಾತು ಅವಳಿಗೆ ಸಿಕ್ಕಿದ್ದು ಅಲ್ಲೇ. ಅಂದಿನಿಂದ ಬಿಟ್ಟಿರಲಿಲ್ಲ.

"ಯಾರು ಕೇಳಿದ್ರೂ ಮಂಗಳವಾರ ಅನ್ನು," ಎಂದಳು ಈಗ ಹನುಮಕ್ಕ, ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತ. "ಇನ್ನೇನೂ ಬಾಯ್ ಬಿಡ್ಬೇಡ. ನೀನಿನ್ನೂ ಬಾಳಿ ಬದುಕ್ಬೇಕು. ಈ ಜನ ಹಿಡ್ಕಂಡ್ರೆ ಬಿಡಲ್ಲ."

"ನೀವು ದೀಪಾವಳಿಲೇ ಹೇಳಿದ್ರಿ ಅತ್ತೆ."

"ನಾನೇನೂ ಹೇಳ್ಲಿಲ್ಲ."

"ಹೇಳಿದ್ರಿ."

"ಇಲ್ಲ ಅಂದ್ನಲ್ಲ." ಹನುಮಕ್ಕ ಲೋಟವನ್ನು ಅವಳ ಕೈಯಿಂದ ಕಿತ್ತುಕೊಂಡು, ಉಳಿದ ಕಾಫಿಯನ್ನು ಬಚ್ಚಲಿಗೆ ಚೆಲ್ಲಿ, ಬೇರೆ ಮಾತಿಲ್ಲದೆ ಹೊರಗೆ ಹೋದಳು.

*

ಯುಗಾದಿಗೆ ಮಗನ ಉಡಿದಾರ ಬದಲಾಯಿಸುವುದು ಹನುಮಕ್ಕನ ಹಕ್ಕು. ಕೆಲಮಂಗಲದ ಸಂತೆಯಿಂದ ಕಪ್ಪು ದಾರ ತಂದು, ಎಣ್ಣೆ ನೀರು ಹಾಕಿಸಿ, ನಡುಮನೆಯಲ್ಲಿ ನಿಲ್ಲಿಸಿ ಸೊಂಟಕ್ಕೆ ತಾನೇ ಕಟ್ಟುತ್ತಿದ್ದಳು. ಎರಡು ಬೆರಳು ಒಳಗೆ ಹೋಗುವಷ್ಟು ಸಡಿಲ. ಕಳೆದ ಯುಗಾದಿಗೂ ಹಾಗೇ ಕಟ್ಟಿದ್ದಳು. "ಹೊಟ್ಟೆ ನೋಡು, ಗೌಡ ಆಗ್ಬುಟ್ಟೆ ನೀನು," ಎಂದು ಅದರ ಮೇಲೊಂದು ಏಟು ಕೊಟ್ಟಿದ್ದಳು.

ದೀಪಾವಳಿಗೆ ಹೋದಾಗ ಅವನು ಎಣ್ಣೆ ಹಚ್ಚಿಸಿಕೊಂಡು ಅಂಗಳದಲ್ಲಿ ಕೂತಿದ್ದ. ಹನುಮಕ್ಕ ಸೊಸೆಯನ್ನು ಹಿತ್ತಿಲಿಗೆ ಕರೆದಳು.

"ಇಳಿದು ಹೋಗವ್ನೆ ಕಣಮ್ಮಿ. ಬೆನ್ನು ಉಜ್ಜಿದ್ರೆ ಮೂಳೆ ಸಿಕ್ತದೆ."

"ಹೊಟ್ಟೆ ಕರಗಿದೆ ಅತ್ತೆ. ಒಳ್ಳೇದೇ ಅಲ್ವಾ? ನಾನೇ ಹೇಳ್ತಿದ್ದೆ ಇಳಿಸು ಅಂತ."

"ಹೊಟ್ಟೆ ಅಲ್ಲ ನಾನು ಹೇಳ್ತಿರಾದು. ಒಂದ್ಸಲ ತೋರ್ಸು ಡಾಕ್ಟ್ರಿಗೆ."

ಹನುಮಕ್ಕ ಫೋನು ಮಾಡುತ್ತಲೇ ಇದ್ದವಳು. ಮಗ ಸೀನಿದರೆ ಫೋನು, ತನ್ನ ಕನಸಿನಲ್ಲಿ ಅವನು ಅತ್ತರೆ ಫೋನು, ಎಲ್ಲೋ ಬಸ್ಸು ಮಗುಚಿದ ಸುದ್ದಿ ಟೀವಿಯಲ್ಲಿ ಬಂದರೆ ಫೋನು. ಕಾರ್ಖಾನೆಗೆ ಹೊಸದಾಗಿ ಸೇರುವವರಿಗೆ ಚಂದ್ರಲೇಖಾ ಎರಡು ಮಾತು ಹೇಳಿಕೊಡುತ್ತಿದ್ದಳು. ಗಂಟೆ ಎಂದೂ ಬದಲಾವಣೆಯ ನಂತರವೇ ಬಾರಿಸುತ್ತದೆ, ತಡವನ್ನು ಕಡಿಮೆ ಮಾಡಬಹುದು, ಇಲ್ಲವಾಗಿಸಲು ಬರುವುದಿಲ್ಲ. ಸುಮ್ಮಸುಮ್ಮನೆ ಬಾರಿಸುವ ಗಂಟೆಯನ್ನು ಆಮೇಲೆ ಯಾರೂ ಕೇಳಿಸಿಕೊಳ್ಳುವುದಿಲ್ಲ.

ಊರಿಂದ ವಾಪಸ್ಸು ಬರುವಾಗ ಅವಳು ಗಂಡನಿಗೆ ಹೇಳಿದಳು. "ನಿಮ್ಮಮ್ಮನ ಗಂಟೆ ಮತ್ತೆ ಬಾರಿಸ್ತು."

ಕುಮಾರೇಶ್ ನಕ್ಕ. ಬೈಕು ನಿಲ್ಲಿಸಿ, ಹ್ಯಾಂಡಲ್ಲಿಗೆ ತಗುಲಿಸಿದ್ದ ಬಾಟಲಿಯಿಂದ ನೀರು ಕುಡಿದ.

*

ಮಧ್ಯಾಹ್ನ ಗೋಪಾಲಪ್ಪ ಐಸ್ ಪೆಟ್ಟಿಗೆಯ ಪ್ಲಗ್ಗು ಕಿತ್ತ. ಬೆಳಗಿನಿಂದ ಕೇಳುತ್ತಿದ್ದ ಸದ್ದು ನಿಂತಾಗ ಎಲ್ಲರೂ ಒಮ್ಮೆ ಅತ್ತ ತಿರುಗಿದರು. ಓಣಿಯಲ್ಲಿ ತಮಟೆಯವರು ಚರ್ಮ ಕಾಯಿಸುತ್ತಿದ್ದರು.

ಅಂಗಳದ ಮೂಲೆಯಲ್ಲಿ ಹಲಗೆ ಹಾಕಿದರು. ನಾಲ್ಕು ಜನ ಪಂಚೆಗಳನ್ನು ಎತ್ತಿ ಹಿಡಿದು ಮರೆ ಮಾಡಿ, ಮುಖವನ್ನು ಹೊರಗೆ ತಿರುಗಿಸಿ ನಿಂತರು. ಅವರಲ್ಲಿ ಮುನಿಕೃಷ್ಣನೂ ಇದ್ದ. ಮರೆಯ ಒಳಗೆ ಗೋಪಾಲಪ್ಪ, ಹನುಮಕ್ಕ, ಚಂದ್ರಲೇಖಾ, ನಾಗವೇಣಿ, ಆದಿಲಕ್ಷ್ಮಮ್ಮ. ಕುಮಾರೇಶನನ್ನು ಹಲಗೆಯ ಮೇಲೆ ಮಲಗಿಸಿ ಒಬ್ಬೊಬ್ಬರೂ ಒಂದೊಂದು ಚೊಂಬು ನೀರು ಹಾಕಿದರು. ಚಂದ್ರಲೇಖಾ ಹಾಕಿದ ನೀರು ಪಕ್ಕೆಲುಬುಗಳ ನಡುವೆ ನಿಂತು ನಿಂತು ಇಳಿಯಿತು.

ಗೋಪಾಲಪ್ಪ ಬಾಯಲ್ಲಿ ಕಚ್ಚಿಕೊಂಡಿದ್ದ ಬ್ಲೇಡನ್ನು ಕೈಗೆ ತೆಗೆದುಕೊಂಡ. "ಉಡಿದಾರ ತೆಗೀಬೇಕು. ಮೈಮೇಲೆ ಏನೂ ಇಟ್ಕಂಡ್ ಹೋಗ್ಬಾರ್ದು." ದಾರದ ಕೆಳಗೆ ಬೆರಳು ತೂರಿಸಿ ಎತ್ತಿದವನು ತಡೆದ.

"ಇದೇನಿದು? ಮಧ್ಯದಾಗೆ ಗಂಟು ಐತೆ. ಇಲ್ಲೊಂದು. ಇಲ್ಲೊಂದು."

ಆದಿಲಕ್ಷ್ಮಮ್ಮ ಬಗ್ಗಿ ನೋಡಿದಳು. ದಾರವನ್ನು ಅಲ್ಲಲ್ಲಿ ಮಡಿಸಿ ಗಂಟು ಹಾಕಿ ಗಿಡ್ಡ ಮಾಡಿದ್ದು ಕಂಡಿತು.

"ಸೊಂಟ ಕರಗಿದಂಗೆಲ್ಲ ಹಿಡಿದು ಹಿಡಿದು ಕಟ್ಟವ್ರೆ." ಅವಳು ನೆಟ್ಟಗೆ ನಿಂತು ಚಂದ್ರಲೇಖಾಳ ಮುಖವನ್ನೇ ನೋಡಿದಳು. "ಕಟ್ಟಿದವ್ರಿಗೆ ಗೊತ್ತಿಲ್ದೆ ಇರ್ತದಾ? ಯಾರು ಕಟ್ಟಿದ್ದು ಇದನ್ನ?"

'ನಾನು' ಎನ್ನಬೇಕಾದವಳು ಚಂದ್ರಲೇಖಾ. ಅವಳು ಖಾಲಿ ಚೊಂಬನ್ನು ನೆಲಕ್ಕಿಟ್ಟಳು.

"ನಾನೇ ಕಟ್ಟಿದ್ದು," ಎಂದಳು ಹನುಮಕ್ಕ.

"ನೀನಾ?"

"ಬಂದಾಗೆಲ್ಲ ಜಾರ್ತೈತೆ ಕಣಮ್ಮ ಅಂತಿದ್ದ. ಕಟ್ಟಿದೆ. ಕತ್ತರಿಸಣ್ಣ ನೀನು, ಹೊತ್ತಾಯ್ತದೆ."

"ಅಯ್ಯೋ ನಿನ್ ಮನೆ ಕಾಯ್ವಾಗ! ಹೆತ್ತ ಕೈಯಾಗೇ ಕಟ್ಟಿ ಕಟ್ಟಿ, ನಿಂಗೇ ಗೊತ್ತಾಗ್ಲಿಲ್ವಾ? ಬೆಳಗಿಂದ ಮಂಗಳವಾರ ಮಂಗಳವಾರ ಅಂತ ಹಾಡ್ತಿದ್ದೀಯಲ್ಲೇ!"

ಹನುಮಕ್ಕ ತಲೆ ತಗ್ಗಿಸಿದಳು. ನಾಗವೇಣಿ ಅಮ್ಮನನ್ನು ಮೊದಲ ಸಲ ನೋಡುವಂತೆ ನೋಡಿದಳು. ಬೆಳಗಿನಿಂದ ತನ್ನ ಮೇಲಿದ್ದ ಕಣ್ಣುಗಳೆಲ್ಲ ಸರಿದು ಅತ್ತೆಯ ಮೇಲೆ ಹೋದದ್ದು ಚಂದ್ರಲೇಖಾಳಿಗೆ ಗೊತ್ತಾಯಿತು. ಒಂದು ಗಳಿಗೆ ಮೈ ಹಗುರವಾಯಿತು. ಹಗುರವಾಯಿತೆಂದು ತಿಳಿದ ಕೂಡಲೇ ಕಿವಿಯವರೆಗೆ ಸುಟ್ಟಂತಾಯಿತು.

ಗೋಪಾಲಪ್ಪ ಎರಡು ತುದಿ ಸೇರುವ ಗಂಟಿನ ಪಕ್ಕದಲ್ಲಿ ಕತ್ತರಿಸಿ ದಾರವನ್ನು ಎಳೆದು ತಂಗಿಯ ಕೈಗೆ ಹಾಕಿದ. ಹನುಮಕ್ಕ ಮುಷ್ಟಿ ಮುಚ್ಚಿದಳು.

ಆಷಾಢದ ಒಂದು ಬೆಳಿಗ್ಗೆ ಕುಮಾರೇಶ್ ಬ್ರಷ್ಷು ಬಾಯಲ್ಲಿಟ್ಟುಕೊಂಡು ಅಂಗಿ ಎತ್ತಿ ನಿಂತಿದ್ದ. "ಲೇಖಾ, ಇದು ಜಾರ್ತೈತೆ ಕಣೆ, ಒಂದ್ ಗಂಟು ಹಾಕು." ಅವಳು ಶಿಫ್ಟಿಗೆ ಹೊರಡುವ ಅವಸರದಲ್ಲಿ ಒಂದು ಮಡಿಕೆ ಹಿಡಿದು ಗಂಟು ಹಾಕಿದ್ದಳು. ಎರಡು ಬೆರಳು ತೂರಿಸಿ ನೋಡಿದ್ದಳು. ಸರಿಯಾಗಿತ್ತು. ಆಮೇಲೆ ಇನ್ನೊಮ್ಮೆ. ಗೌರಿ ಹಬ್ಬದ ಮುಂಚೆ ಒಮ್ಮೆ. ದೀಪಾವಳಿಯಿಂದ ಬಂದ ವಾರ ಒಮ್ಮೆ. ಪ್ರತಿ ಸಲವೂ ಗಂಟು ಹಾಕಿದ ಮೇಲೆ ಎರಡು ಬೆರಳು ಸರಿಯಾಗಿ ಹೋಗುತ್ತಿತ್ತು. ಪ್ರತಿ ಸಲವೂ ಸೊನ್ನೆ.

ಅವಳು ಮುಂದೆ ಬಂದು ಅತ್ತೆಯ ಮುಷ್ಟಿ ಹಿಡಿದಳು.

"ಬಿಡು," ಎಂದಳು ಹನುಮಕ್ಕ ಮೆಲ್ಲಗೆ.

ಚಂದ್ರಲೇಖಾ ಒಂದೊಂದೇ ಬೆರಳು ಬಿಡಿಸಿದಳು. ದಾರ ತೆಗೆದುಕೊಂಡು ಒದ್ದೆ ನೆಲದ ಮೇಲೆ ಕೂತಳು. ಗಂಟುಗಳು ನೀರು ಕುಡಿದು ಕಲ್ಲಿನಂತೆ ಬಿಗಿದಿದ್ದವು. ಅವಳು ದಾರದ ಕಡೆ ನೋಡಲೇ ಇಲ್ಲ. ಹೆಬ್ಬೆರಳಿನ ಉಗುರು ತಾನಾಗಿ ಎಡಗಡೆಯ ಸುತ್ತಿನ ಕೆಳಗೆ ಹೋಯಿತು. ತುದಿ ಎಲ್ಲಿ ಸಿಕ್ಕಿಸಿದೆ ಎಂಬುದು ಅದಕ್ಕೆ ಗೊತ್ತಿತ್ತು. ಒಂದು ಬಿಚ್ಚಿತು. ಇನ್ನೊಂದು ಬಿಚ್ಚಿತು. ಆದಿಲಕ್ಷ್ಮಮ್ಮ ಅವಳ ಬೆರಳುಗಳನ್ನು ನೋಡುತ್ತಿದ್ದವಳು, ಹನುಮಕ್ಕನ ಮುಖ ನೋಡಿದಳು, ಮತ್ತೆ ಬೆರಳುಗಳನ್ನು ನೋಡಿದಳು. ಮುನಿಕೃಷ್ಣ ಹಿಡಿದಿದ್ದ ಪಂಚೆಯ ಮೂಲೆ ಸ್ವಲ್ಪ ಕೆಳಗಿಳಿದು ಮತ್ತೆ ಮೇಲೇರಿತು.

ಕೊನೆಯ ಗಂಟು ಬಿಚ್ಚುವ ಹೊತ್ತಿಗೆ ಹೊರಗೆ ಯಾರೋ ಬಂದರು. ಅವಲಪಲ್ಲಿಯ ಮನೆಯ ಒಡತಿ ರಾಧಾಮಣಿ. ಎರಡು ಬಸ್ಸು ಬದಲಾಯಿಸಿ ಬಂದಿದ್ದಳು. ಏದುಸಿರು ಬಿಡುತ್ತ ಮರೆಯ ಆಚೆಯಿಂದಲೇ ಕೇಳಿದಳು.

"ಎಪ್ಪೋಲೇರ್ಂದು ಮಾ?"

"ಸೆವ್ವಾ..." ಎಂದು ಹನುಮಕ್ಕ ಬಾಯಿ ತೆರೆದಳು. ಸೊಸೆಯ ಮಡಿಲಲ್ಲಿದ್ದ ದಾರ ಕಂಡು ಅರ್ಧಕ್ಕೇ ನಿಲ್ಲಿಸಿದಳು.

ಬಿಚ್ಚಿದ ದಾರ ಉದ್ದವಾಗಿ ಮಂಡಿಯ ಆಚೆಗೆ ಇಳಿಬಿದ್ದಿತ್ತು. ಬೆವರಿಗೂ ಸೋಪಿಗೂ ಅದರ ಬಣ್ಣ ಹೋಗಿ ಬೂದಿಯಂತಾಗಿತ್ತು. ಗಂಟಿನೊಳಗೆ ಅಡಗಿದ್ದ ಜಾಗಗಳು ಮಾತ್ರ ಕಪ್ಪಗಿದ್ದವು. ಕೊನೆಯ ಗಂಟಿನ ಜಾಗ ತುಸು ಕಪ್ಪು. ಅದರ ಹಿಂದಿನದು ಇನ್ನಷ್ಟು. ಎಲ್ಲಕ್ಕೂ ಮೊದಲಿನ ಆಷಾಢದ್ದು, ಸಂತೆಯಿಂದ ಈಗಷ್ಟೇ ತಂದ ದಾರದ ಹಾಗೆ, ಕಡುಕಪ್ಪು.

ಚಂದ್ರಲೇಖಾ ಆ ಜಾಗದ ಮೇಲೆ ಬೆರಳಿಟ್ಟಳು. ಬೆರಳು ತೆಗೆಯದೆ, ದಾರವನ್ನು ಎಲ್ಲರಿಗೂ ಕಾಣುವಂತೆ ಮೇಲೆತ್ತಿ ಹಿಡಿದಳು.